ಖಾಲಿ ಬಿಟ್ಟ ಕಾಲಂ

"ಓದೋ ವಯಸ್ಸಲ್ಲಿ ಎಮ್ಮೆ ಕಾಯ್ದೋರ್ನೆಲ್ಲ ತಂದು ಕಂಪ್ಯೂಟರ್ ಮುಂದೆ ಕೂರುಸುದ್ರೆ ಇನ್ನೇನಾಯ್ತದೆ? ನನ್ ಜಾತಿನೇ ಬದ್ಲಾಯಿಸ್ಬುಟ್ಟವ್ನೆ ಕಣ್ರಲಾ ಈ ನನ್ಮಗ!"

ಬೀಜದ ಆಲೂಗಡ್ಡೆಗೆ ಸಾಲು ನಿಂತಿದ್ದವರೆಲ್ಲರ ಎದುರು ರಂಗಸ್ವಾಮಿ ತನ್ನ ಚೀಟಿಯನ್ನು ಭೀಮನ ಮೂಗಿನ ಮುಂದೆ ಆಡಿಸಿದ. ಹೆಸರು ಅವನದೇ. ಊರು ಹಳೇಕೋಟೆ, ಜಮೀನು ಹನ್ನೊಂದು ಎಕರೆ, ಅದೂ ಸರಿ. ವರ್ಗ ಎಂಬಲ್ಲಿ ಮಾತ್ರ 'ಪ.ಜಾ.' ಎಂದು ಅಚ್ಚಾಗಿತ್ತು. ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ರಂಗಸ್ವಾಮಿ ತಿರುಗಿ ನೋಡಿದ ಮೇಲೆ ಎಲ್ಲರಿಗೂ ಒಟ್ಟಿಗೇ ಕೆಮ್ಮು ಬಂತು.

"ನಾನು ಟೈಪ್ ಮಾಡಿಲ್ಲ ಗೌಡ್ರೇ. ನಿಮ್ ಮೊಬೈಲಿಂದ ನೀವೇ ಕಳ್ಸಿರೋ ಅರ್ಜಿ. ನಾನು ಪ್ರಿಂಟ್ ಒತ್ತಿದ್ದು ಅಷ್ಟೇಯ" ಎಂದ ಭೀಮ.

"ಬೇಕೂಂತ್ಲೇ ಮಾಡವ್ನೆ. ಅವನ್ ಜಾತಿ ತಂದು ನನ್ ತಲೆಗೆ ಕಟ್ಟವ್ನೆ! ಸುದರ್ಶನ್, ಇವತ್ತೇ ಇವನ್ನ ಕೆಲಸದಿಂದ ಕಿತ್ತಾಕು. ಇಲ್ದಿದ್ರೆ ನಾನು ಈ ಸಂಘದ ಡೈರೆಕ್ಟರ್ ಆಗಿರೋದ್ಯಾಕೆ?"

ಸುದರ್ಶನ್ ಸಂಘದ ಇಂಜಿನಿಯರ್. ಬಿ.ಇ. ಸರ್ಟಿಫಿಕೇಟಿಗೆ ಗಾಜು ಹಾಕಿಸಿ ಕುರ್ಚಿಯ ಹಿಂದೆ ನೇತುಹಾಕಿಕೊಂಡವನು. ವೆಬ್‌ಸೈಟಿಗೆ ಬರುವ ಅರ್ಜಿಗಳನ್ನು ತೆಗೆದುಕೊಂಡು ಚೀಟಿ ಮಾಡುವ ಸ್ಕ್ರಿಪ್ಟನ್ನು ಮೊದಲು ಬರೆದದ್ದು ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟ ಭೀಮ. ಅದು ಎರಡು ವರ್ಷ ತಕರಾರಿಲ್ಲದೆ ನಡೆದಿತ್ತು. ಹೋದ ತಿಂಗಳು ಬಂದ ಸುದರ್ಶನ್ ಅದನ್ನು 'ಫಾಸ್ಟ್' ಮಾಡಿ, ಭೀಮನಿಗೆ ಪ್ರಿಂಟರನ್ನೂ ಒಂದು ರಬ್ಬರ್ ಸೀಲನ್ನೂ ಬಿಟ್ಟುಕೊಟ್ಟಿದ್ದ. ಗೋಡೌನು ತೆರೆದ ಮೇಲೆ ಚೀಟಿಗೆ ಒತ್ತಬೇಕಾದ ಸೀಲು ಅದು. ಅದು ಬೀಳದೆ ಒಂದು ಗಡ್ಡೆಯೂ ಹೊರಗೆ ಬರುವಂತಿಲ್ಲ.

"ಸಾಫ್ಟ್‌ವೇರ್‌ನಲ್ಲಿ ತಪ್ಪಿಲ್ಲ ಸರ್. ಇವನೇ ಏನೋ ಕೈ ಆಡಿಸಿದಾನೆ" ಎಂದ ಸುದರ್ಶನ್, ಸ್ಕ್ರೀನಿನಿಂದ ಕಣ್ಣೆತ್ತದೆ.

"ಆವತ್ತೇ ಹೇಳಿದ್ದೆ ಸಾ. ಸ್ಕ್ರಿಪ್ಟಲ್ಲಿ ಅರ್ಜಿ ತಕ್ಕೊಳೋ ಮಾಡ್ಯೂಲು ಒಂದೊಂದು ಅರ್ಜಿಗೂ ಒಂದೊಂದು ಹೊಸ ಆಬ್ಜೆಕ್ಟ್ ಕೊಡ್ತದೆ. ಹೆಸರೇನು, ಜಾತಿಯೇನು ಅಂತ ಅದನ್ನೇ ಕೇಳ್ಬೇಕು. ಕೆಲಸ ಮುಗುದ್ಮೇಲೆ ಎಸೀಬೇಕು. ಊಟದೆಲೆ ಇದ್ದಂಗೆ. ನೀವು ಸರ್ವರ್‌ಗೆ ಬಂದೋರ್ಗೆಲ್ಲಾ ಒಂದೇ ಎಲೆ ಮಡಗಿದ್ದೀರಿ. ಹೊಸಬ್ರು ಏನಾದ್ರೂ ಬಡಿಸ್ಕಂಡ್ರೆ ಸರಿ. ಒಂದು ಕಾಲಂ ಖಾಲಿ ಬುಟ್ರೋ, ಅಲ್ಲಿ ಹಿಂದಿನೋರ ಎಂಜಲೇ ಉಳ್ಕತದೆ."

"ಎಲೆಯಂತೆ, ಎಂಜಲಂತೆ! ನೀನು ನನಗೆ ಪ್ರೋಗ್ರಾಮಿಂಗ್ ಹೇಳಿಕೊಡ್ತೀಯೇನಪ್ಪಾ?" ಸುದರ್ಶನ್ ನಕ್ಕ. ಸಾಲೂ ನಕ್ಕಿತು. ಅರ್ಥವಾಗಿದ್ದಕ್ಕಲ್ಲ, ಇಂಜಿನಿಯರ್ ನಕ್ಕಿದ್ದಕ್ಕೆ.

ಭೀಮ ರಂಗಸ್ವಾಮಿಯತ್ತ ತಿರುಗಿದ. "ಅರ್ಜೀಲಿ ಜಾತಿ ಕಾಲಂ ತುಂಬಿದ್ರಾ ಗೌಡ್ರೇ?"

"ನಾನ್ಯಾಕ್ಲಾ ತುಂಬ್ಲಿ? ಅದು ನಿಮ್ಮಂತೋರು ತುಂಬೋ ಕಾಲಂ. ನಾವ್ ಯಾವತ್ತು ತುಂಬಿದ್ದೀವಿ?"

"ಇನ್ಯಾರು ತುಂಬಿದ್ದೀರಿ?" ಭೀಮ ಸಾಲನ್ನು ಕೇಳಿದ. ತಲೆಗಳು ಅಡ್ಡಡ್ಡ ಆಡಿದವು. "ಬೆಳಿಗ್ಗೆ ಮೊದಲ್ನೇ ಅರ್ಜಿ ಹೊನ್ನಕ್ಕಂದು. ಅವಳು ತುಂಬವಳೆ. ಆಮೇಲೆ ಬಂದೋರೆಲ್ಲ ಅವಳ ಎಲೇಲೇ ಉಂಡಿರೋದು. ಜೇಬಿನಲ್ಲಿರೋ ಚೀಟಿ ತೆಗೆದು ನೋಡ್ಕಳಿ."

ಎಲ್ಲರೂ ಬಾಗಿಲಾಚೆ ನೋಡಿದರು. ಮೊದಲು ಬಂದಿದ್ದರೂ 'ನೀನು ಆಚೆ ಕೂತ್ಕಳಮ್ಮ' ಎನ್ನಿಸಿಕೊಂಡು ಹೊನ್ನಕ್ಕ ಮೆಟ್ಟಿಲ ಮೇಲೆ ಕೂತಿದ್ದಳು. ಆಮೇಲೆ ಚೀಟಿಗಳು ಒಂದೊಂದಾಗಿ ಬಿಚ್ಚಿಕೊಂಡವು. ರಂಗಸ್ವಾಮಿಯದೂ ಸೇರಿ ಹದಿನಾಲ್ಕು. ಹದಿನಾಲ್ಕರಲ್ಲೂ ಪ.ಜಾ. ಒಬ್ಬ ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದ. ಕನ್ನಡಕ ಒರೆಸಿದರೆ ಹೋಗುವ ಅಕ್ಷರವೇ ಅದು? ಸುದರ್ಶನ್ ಕೀಬೋರ್ಡಿನ ಸಂದಿಯಲ್ಲಿದ್ದ ಧೂಳನ್ನು ಉಗುರಿನಿಂದ ತೆಗೆಯತೊಡಗಿದ.

"ಥೂ!" ಎಂದು ರಂಗಸ್ವಾಮಿ ಚೀಟಿಯನ್ನು ಎರಡು ಕೈಯಲ್ಲಿ ಹಿಡಿದು ಹರಿಯಲು ಹೋದ. ಮೂಲೆ ಒಂದಿಷ್ಟು ಹರಿದಿತ್ತು, ಅಷ್ಟರಲ್ಲಿ ಗೋಡೌನಿನ ಶಟರ್ ಎತ್ತಿ ಸ್ಟೋರ್‌ಕೀಪರ್ ಶಾಂತರಾಜು ಕೂಗಿದ: "ಜನರಲ್ ಬೀಜ ಈ ಸಲ ಬಂದೇ ಇಲ್ಲ ಕಣ್ರಪ್ಪೋ! ಪ.ಜಾ. ಪಾಲಿನ ಇಪ್ಪತ್ತು ಮೂಟೆ ಪಂಜಾಬಿನ ಜಲಂಧರ್ ಬೀಜ ಮಾತ್ರ ಅವೆ. ಆ ಚೀಟಿ ಇರೋರು ಸೀಲ್ ಒತ್ತಿಸ್ಕಂಡು ಬನ್ನಿ. ನಾನು ಚೀಟಿ ನೋಡ್ತೀನಿ, ಮುಖ ನೋಡಾಕಿಲ್ಲ!"

ರಂಗಸ್ವಾಮಿಯ ಕೈ ನಿಂತಿತು. ಹರಿದ ಮೂಲೆಯನ್ನು ಹೆಬ್ಬೆರಳಿನಿಂದ ನೀವಿ ಕೂಡಿಸಿದ.

"ಆ ಮೂಟೆ ನಮ್ ಕೇರಿವಲ್ವಾ ಭೀಮ?" ಹೊನ್ನಕ್ಕ ಮೆಟ್ಟಿಲಿಂದಲೇ ಕೇಳಿದಳು. "ಅವ್ರೆಲ್ಲಾ ಅನ್ನೊಂದ್ರ ಬಸ್ಸಿಗೆ ಬತ್ತಾವ್ರೆ ಕಣಪ್ಪಾ."

ರಂಗಸ್ವಾಮಿ ಬಗ್ಗಿ ಭೀಮನ ಭುಜದ ಮೇಲೆ ಕೈಯಿಟ್ಟ. ಇಷ್ಟು ವರ್ಷದಲ್ಲಿ ಅವನು ಭೀಮನನ್ನು ಮುಟ್ಟಿದ್ದು ಅದೇ ಮೊದಲು. "ಓಗ್ಲಿ ಬುಡ್ಲಾ. ಕೆಲಸದ ಮಾತು ನಾನು ಆಡೇ ಇಲ್ಲ ಅನ್ಕೋ. ನೀನೂ ನಮ್ ಹುಡುಗ್ನೇ ಅಲ್ವಾ? ಆ ಸ್ಕ್ರಿಪ್ಟೋ ಗಿಪ್ಟೋ ನಾಳೆ ಸರಿ ಮಾಡೀವಂತೆ. ಇವತ್ತೊಂದಿನ ಇಂಗೇ ಇರ್ಲಿ. ಎಲ್ಲಿ, ಸೀಲ್ ಒತ್ತು ನೋಡುವಾ." ಅವನ ಹಿಂದೆ ಉಳಿದ ಹದಿಮೂರು ಚೀಟಿಗಳೂ ಮೇಜಿನ ಕಡೆ ಚಾಚಿದವು.

ಭೀಮ ಭುಜದ ಮೇಲಿನ ಕೈಯನ್ನು ಎತ್ತಿ ಮೇಜಿನ ಮೇಲಿಟ್ಟ. ಎದ್ದು ಬಾಗಿಲಾಚೆ ಹೋಗಿ ಹೊನ್ನಕ್ಕನ ಚೀಟಿಗೆ ಸೀಲು ಒತ್ತಿದ. ಸೀಲನ್ನು ಅವಳ ಮಡಿಲಿಗೇ ಹಾಕಿ ಮೆಟ್ಟಿಲಿಳಿದ.

"ಲೇ ಭೀಮಾ! ಏನಾದ್ರೂ ಒಂದ್ ಮಾತಾಡ್ಲಾ!" ರಂಗಸ್ವಾಮಿ ಒಳಗಿಂದ ಕೂಗಿದ.

ಭೀಮ ತಿರುಗದೆ ಗೇಟು ದಾಟಿ ಅರಕಲಗೂಡು ರಸ್ತೆ ಹಿಡಿದ. ಹಿಂದೆ ಹೊನ್ನಕ್ಕ ಸೀಲನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡು ಬಸ್ಸು ಬರುವ ದಾರಿ ನೋಡುತ್ತಾ ಕೂತಳು. ಅವಳ ಮುಂದೆ, ಮೆಟ್ಟಿಲ ಕೆಳಗೆ, ಹದಿನಾಲ್ಕು ಜನ ಸಾಲು ಕಟ್ಟಿದರು.