ಪೊದೆಯಾಚೆಯ ಗರ್ಜನೆ

ತನ್ನ ಕೂಗು ಕೇಳಿದರೆ ಏಳು ಬೆಟ್ಟದಾಚೆಯ ಗಂಡುಜಿಂಕೆಗಳೂ ಜಗಳಕ್ಕೆ ಓಡಿಬರುತ್ತವೆ ಎಂದು ಮುದುಕಿ ಐಲ್ಸಾ ಕೊಚ್ಚಿಕೊಳ್ಳುತ್ತಿದ್ದಳು. ಅರ್ಧ ಸುಳ್ಳು ಎಂದು ತಾನೇ ನಗುತ್ತಿದ್ದಳು. ಇವತ್ತು ಮಾತ್ರ ಫಿಯೋರ್ಡ್‌ಲ್ಯಾಂಡಿನ ಬೆಟ್ಟಗಾಡಿನ ಕಡಿದಾದ ಇಳಿಜಾರಿನಲ್ಲಿ, ಅವಳು ಪೈಪಿನ ತುಂಡಿಗೆ ಬಾಯಿಟ್ಟು ಬೆದೆಗೆ ಬಂದ ಗಂಡುಜಿಂಕೆಯಂತೆ ಗರ್ಜಿಸಿದಾಗಲೆಲ್ಲ ಪೊದೆಯಾಚೆಯಿಂದ ಮರುಗರ್ಜನೆ ಬರುತ್ತಿತ್ತು. ತೆವಳಿಕೊಂಡು ಹತ್ತಿರವಾದಳು. ಎಲೆಗಳ ನಡುವೆ ಏನೋ ಕಂದಾಗಿ ಅಲುಗಿತು. ಬೆರಳು ಬಂದೂಕಿನ ಟ್ರಿಗರ್ ಮೇಲೆ ಹೋಯಿತು. ತಲೆ ಕಾಣುವ ತನಕ ಗುಂಡು ಹಾರಿಸಬಾರದೆಂಬ ಬೇಟೆಯವರ ಕಟ್ಟುಪಾಡು ನೆನಪಾಗಿ ಉಸಿರು ಹಿಡಿದು ಕಾದಳು.

ಆ ಕಂದು ಮೈ ಸೀನಿತು. ಆಮೇಲೆ ತೋಳಿನಿಂದ ಮೂಗು ಒರೆಸಿಕೊಂಡಿತು.

ಪೈಪು ಹಿಡಿದು ಎದ್ದು ನಿಂತವನು ನೆರೆಮನೆಯ ರೆವಿ. “ಅರ್ಧ ಗಂಟೆಯಿಂದ ನಾನು ಕರೀತಿದ್ದಿದ್ದು ನಿಮ್ಮನ್ನಾ ಆಂಟಿ?”

“ಜಗಳಕ್ಕೆ ಅಂತಾನೇ ಬಂದೆ ಕಣೋ. ನೋಡಿದ್ರೆ ನಿಂಗೆ ಕೊಂಬೇ ಇಲ್ಲ.”

“ನಾನೂ ನಿಮ್ಮ ತಲೆ ಕಾಣ್ಲಿ ಅಂತ ಗುರಿಯಿಟ್ಟು ಕಾಯ್ತಿದ್ದೆ.”

ಇಬ್ಬರೂ ಬಂದೂಕಿನ ಗುಂಡು ತೆಗೆದು ಜೇಬಿಗೆ ಹಾಕಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಫ್ಲಾಸ್ಕಿನ ಟೀ ಕಪ್ಪಿಗಿಂತ ಮಂಡಿಯ ಮೇಲೇ ಹೆಚ್ಚು ಬಿತ್ತು. ಆಗ ಹತ್ತೇ ಹೆಜ್ಜೆ ದೂರದಲ್ಲಿ ನಿಜವಾದ ಗಂಡುಜಿಂಕೆ ಬಂದು ನಿಂತು, ಐಲ್ಸಾಳ ಲೆಕ್ಕದಲ್ಲಿ ನಲವತ್ತು ಕವಲಿನ ಕೊಂಬೆತ್ತಿ ಇಬ್ಬರನ್ನೂ ದಿಟ್ಟಿಸಿತು. ಗುಂಡೆಲ್ಲ ಜೇಬಿನಲ್ಲಿರುವಾಗ ಇವರಲ್ಲಿ ಗುಂಡು ಹೊಡೆದವರು ಯಾರು, ನೀವೇ ಹೇಳಿ ನೋಡೋಣ.