ಕರಿಕಲ್ಲಿನ ಮೇಲೊಂದು ದೂರು

ಪ್ರವೀಣ್ ಕುಮಾರ್ ಹೊಸಿಲು ದಾಟುವಷ್ಟರಲ್ಲಿ ಪರಶುರಾಮ್ ತನ್ನ ಬಲಗೈಯನ್ನು ಟವೆಲ್ಲಿನೊಳಗೆ ಸೇರಿಸಿಬಿಟ್ಟ. ಮೂರು ವರ್ಷದಿಂದ ದಿನವೂ ಮೊಬೈಲ್ ಆಟದಲ್ಲಿ ಒಟ್ಟಿಗೆ ಯುದ್ಧ ಮಾಡುತ್ತಿದ್ದ ಇಬ್ಬರೂ ಮುಖ ನೋಡಿಕೊಳ್ಳುತ್ತಿದ್ದುದು ಇದೇ ಮೊದಲು. ನ್ಯಾಮತಿಯಿಂದ ಬಸ್ಸು ಬದಲಿಸುತ್ತಾ ಜಗಳೂರಿಗೆ ಬಂದವನು ಕುಲುಕಲೆಂದು ಕೈ ಚಾಚಿದ. ಪರಶುರಾಮ್ "ಕೂತ್ಕೋ, ಕೂತ್ಕೋ" ಎನ್ನುತ್ತಾ ಗದ್ದ ಎತ್ತಿ ಕುರ್ಚಿ ತೋರಿಸಿದ. ಚಾಚಿದ ಕೈ ಹಾಗೇ ಹಿಂದೆ ಹೋಯಿತು.

"ನೀನೇ ಏನಪ್ಪಾ ಕರಿಕಲ್ಲು? ನಾನು ಆರಡಿ ಆಳು ಅಂದ್ಕೊಂಡಿದ್ದೆ," ಎಂದು ಪ್ರವೀಣ್ ನಕ್ಕ.

ಕರಿಕಲ್ಲು ಎಂಬುದು ಆಟದಲ್ಲಿ ಪರಶುರಾಮನ ಯೋಧನ ಹೆಸರು. ವಿಚಿತ್ರ ಯೋಧ ಅವನು. ಲೆವೆಲ್ ಏರಿದಾಗಲೆಲ್ಲ ಸಿಕ್ಕ ಪಾಯಿಂಟುಗಳಲ್ಲಿ ಒಂದನ್ನೂ ಪರಶುರಾಮ್ ಕತ್ತಿಗೆ ಹಾಕಿರಲಿಲ್ಲ. ಅರ್ಧ ಕವಚಕ್ಕೆ, ಇನ್ನರ್ಧ ಗಾಯ ವಾಸಿ ಮಾಡುವ ವಿದ್ಯೆಗೆ. ಕಾಳಗದ ನಡುವೆ ನಿಂತಲ್ಲೇ ನಿಂತು, ಏಟು ತಿನ್ನುತ್ತಾ, ಜೊತೆಯವರನ್ನೆಲ್ಲ ಬದುಕಿಸುತ್ತಿದ್ದ. ಅದೇನೂ ಶೋಕಿಗೆ ಮಾಡಿದ್ದಲ್ಲ. ಆರು ವರ್ಷದ ಹಿಂದೆ ಮೆಕ್ಕೆಜೋಳ ಒಕ್ಕುವ ಯಂತ್ರ ಅವನ ಬಲಗೈಯನ್ನು ಮಣಿಕಟ್ಟಿನವರೆಗೆ ತೆಗೆದುಕೊಂಡಿತ್ತು. ಓಡಲು ಒಂದು ಹೆಬ್ಬೆರಳು, ಹೊಡೆಯಲು ಇನ್ನೊಂದು ಬೇಕಾದ ಆಟದಲ್ಲಿ ಅವನಿಗೆ ಉಳಿದಿದ್ದು ಒಂದೇ. ಆ ಒಂದರಲ್ಲೇ ಆಡಬಹುದಾದ ಆಳನ್ನು ಏಳು ತಿಂಗಳು ತಿದ್ದಿ ತೀಡಿ ಕಟ್ಟಿಕೊಂಡಿದ್ದ. ಗುಂಪಿನಲ್ಲಿ ಯಾರಿಗೂ ಇದು ಗೊತ್ತಿರಲಿಲ್ಲ.

"ವಿಷಯಕ್ಕೆ ಬರ್ತೀನಿ," ಎಂದ ಪ್ರವೀಣ್. ಅವನು ಗುಂಪಿನ ನಾಯಕ. "ಕರಿಕಲ್ಲಿನ ಮೇಲೆ ನಾವು ಕೊಟ್ಟ ದೂರನ್ನ ಆಟದ ಕಂಪನಿಯೋರು ತಗೊಂಡಾರೆ. ಯೋಧ ಹೊಡೀಬೇಕು, ವೈದ್ಯ ವಾಸಿ ಮಾಡ್ಬೇಕು, ಅವರವರ ಕೆಲಸ ಅವರವರಿಗೆ. ಗುಂಪಿನ ಐದೂ ಜನ ಫೋನಿನಾಗೆ ಒಪ್ಪಿಗೆ ಬಟನ್ ಒತ್ತಬೇಕಂತೆ. ನಾಕು ಆಗೈತೆ. ನಿಂದೊಂದು ಬಾಕಿ, ಸಂಜೆ ಐದಕ್ಕೆ ಕೊನೆ. ಫೋನ್ ಮಾಡಿದ್ರೆ ನೀನು ಎತ್ತಲ್ಲ, ಅದಕ್ಕೇ ಹುಡುಕ್ಕೊಂಡು ಬಂದೆ."

"ಒತ್ತಿದ್ರೆ ಕರಿಕಲ್ಲು ಏನಾಗ್ತಾನೆ?"

"ವಾಸಿ ಮಾಡೋ ವಿದ್ಯೆ ಹೋಗ್ತೈತೆ. ಪಾಯಿಂಟೆಲ್ಲ ವಾಪಸ್ ಬರ್ತಾವೆ, ಕತ್ತಿಗೆ ಹಾಕ್ಕೋ. ಇಲ್ಲಾಂದ್ರೆ ವೈದ್ಯ ಆಗು."

ಆಟದ ವೈದ್ಯರಿಗೆ ಕವಚವಿಲ್ಲ. ಓಡುತ್ತಲೇ ಇರದಿದ್ದರೆ ಒಂದೇ ಏಟಿಗೆ ಸಾಯುತ್ತಾರೆ. ಕತ್ತಿ ಹಿಡಿದರೂ ಎರಡು ಹೆಬ್ಬೆರಳು ಬೇಕು, ಮದ್ದು ಹಿಡಿದರೂ ಎರಡು ಬೇಕು. ಇದನ್ನೆಲ್ಲ ಬಾಯಿಬಿಟ್ಟು ಹೇಳುವಂತಿಲ್ಲದೆ ಪರಶುರಾಮ್ ಟವೆಲ್ಲನ್ನು ಇನ್ನಷ್ಟು ಬಿಗಿಯಾಗಿ ಸುತ್ತಿಕೊಂಡ.

ತಾಯಿ ಗಾದ್ರಮ್ಮ ಎರಡು ತಟ್ಟೆಯಲ್ಲಿ ಒಗ್ಗರಣೆ ಮಂಡಕ್ಕಿ ತಂದಿಟ್ಟರು. "ನೀನೂ ತಿನ್ನೋ, ಬೆಳಗ್ಗಿಂದ ಏನೂ ಮುಟ್ಟಿಲ್ಲ," ಎಂದರು. ಎಡಗೈಯಲ್ಲಿ ತಿನ್ನಬೇಕಲ್ಲ, ಹೊಸಬರ ಎದುರಿಗೆ. "ಆಮ್ಯಾಲೆ ತಿಂತೀನಿ ಬಿಡವ್ವ," ಎಂದ ಪರಶುರಾಮ್. ಟವೆಲ್ಲಿನ ಕಡೆ ಒಮ್ಮೆ ನೋಡಿ ಗಾದ್ರಮ್ಮ ಒಳಗೆ ಹೋದರು.

"ನಾನು ಏನು ತಪ್ಪು ಮಾಡೀನಿ ಹೇಳು," ಎಂದು ಪರಶುರಾಮ್ ಕೇಳಿದ.

"ತಪ್ಪಲ್ಲ ಮಾರಾಯ, ಅತಿ ಆತು. ನಮ್ಮ ಗುಂಪಿನ ಚನ್ನಗಿರಿ ಅಂಬಿಕಾನ್ನ ನೋಡು. ಎರಡು ವರ್ಷ ಕೂತು ಒಬ್ಬ ವೈದ್ಯೆನ ಬೆಳೆಸಿದಾಳೆ. ನೀನಿದ್ದ ಕಡೆ ಅವಳನ್ನ ಯಾರೂ ಕರೆಯಲ್ಲ. ಮೊನ್ನೆ 'ನಾನ್ಯಾಕೆ ಬರ್ಲಿ, ಕರಿಕಲ್ಲು ಐತಲ್ಲ' ಅಂದ್ಲು. ಫೋನ್ ಇಟ್ಟೇಬಿಟ್ಲು. ಒಬ್ಬನೇ ಇಬ್ಬರ ಕೆಲಸ ಮಾಡಿದ್ರೆ ಉಳಿದೋರು ಎಲ್ಲಿಗೆ ಹೋಗ್ಬೇಕು?"

ಸುಳ್ಳೇನಲ್ಲ. ಬೇಡದವರಾಗಿ ಮೂಲೆಯಲ್ಲಿ ಕೂರುವುದು ಹೇಗಿರುತ್ತದೆಂದು ಪರಶುರಾಮನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಅವನು ಕೇಳಿದ, "ದೂರಿನಾಗೆ ಏನಂತ ಬರ್ದೀರಿ?"

ಪ್ರವೀಣ್ ತನ್ನ ಫೋನು ತೆಗೆದು ಓದಿದ. "ಈ ಯೋಧನ ಬಲ ಮಿತಿ ಮೀರಿದೆ. ಇವನ ಮುಂದೆ ಉಳಿದವರು ಲೆಕ್ಕಕ್ಕೇ ಬಾರದಂತಾಗಿದ್ದಾರೆ."

"ಇನ್ನೊಂದ್ಸಲ ಓದು."

ಅವನು ಇನ್ನೊಮ್ಮೆ ಓದಿದ. ಪರಶುರಾಮ್ ಸ್ಟೂಲಿನ ಮೇಲಿದ್ದ ತನ್ನ ಫೋನಿನತ್ತ ಎಡಗೈ ಚಾಚಿದ.

"ಏಯ್, ಎಡಗೈ ಬ್ಯಾಡ," ಎಂದು ಪ್ರವೀಣ್ ತಡೆದ. ಅಂಗಡಿಯಲ್ಲಿ ಚಿಲ್ಲರೆಯನ್ನೂ ಎಡಗೈಯಲ್ಲಿ ಕೊಡದ ಮನೆತನದವನು. "ಗುಂಪಿನ ಒಳ್ಳೇದಕ್ಕೆ ಮಾಡ್ತಿರೋದು. ಬಲಗೈಲಿ ಒತ್ತು."

ಪರಶುರಾಮ್ ಟವೆಲ್ಲು ತೆಗೆದು ಪಕ್ಕಕ್ಕಿಟ್ಟ.

ಪ್ರವೀಣ್ ಮಂಡಕ್ಕಿಯ ತಟ್ಟೆಯನ್ನು ದೂರ ಸರಿಸಿದ. ಮಣಿಕಟ್ಟಿನ ತುದಿಯನ್ನು ನೋಡಿದ, ನೆಲ ನೋಡಿದ. "ಮೊದ್ಲೇ ಹೇಳಬಾರ್ದಾ," ಎಂದ. ನಾಚಿಕೆಯಿಂದ ಅವನ ಮುಖ ಸಣ್ಣದಾಗಿತ್ತು. "ಪಾಪ, ನಮಗೇನು ಗೊತ್ತು. ಈಗ್ಲೇ ದೂರು ವಾಪಸ್ ತಗೋತೀನಿ. ನಿಂಗೆ ಹಿಂಗಾಗೈತೆ ಅಂದ್ರೆ ಅಂಬಿಕಾನೂ ಬಿಟ್ಟುಕೊಡ್ತಾಳೆ." ಹೇಳುತ್ತಲೇ ಫೋನಿನಲ್ಲಿ ದೂರು ಅಳಿಸುವ ಜಾಗ ಹುಡುಕತೊಡಗಿದ.

ಪರಶುರಾಮ್ ಆ ಫೋನಿನ ಮೇಲೆ ಎಡಗೈ ಮುಚ್ಚಿ ಹಿಡಿದ. ಪ್ರವೀಣ್ ಕೈ ಹಿಂದಕ್ಕೆಳೆದುಕೊಂಡ ಮೇಲೆ ತನ್ನ ಫೋನು ತೆಗೆದು, ಹೆಬ್ಬೆರಳಿನಿಂದ ಒಪ್ಪಿಗೆ ಒತ್ತಿದ.

"ಈ ಊರಾಗೆ ಬಸ್ ಹತ್ತಿದ್ರೂ ನನ್ನ ನೋಡಿ 'ಪಾಪ' ಅಂತಾರೆ, ಇಳಿದ್ರೂ 'ಪಾಪ' ಅಂತಾರೆ," ಎಂದ. "ನನ್ನ ಬಲ ಜಾಸ್ತಿ ಆತು ಅಂತ ದೂರು ಕೊಟ್ಟೋರು ನೀವು ಮಾತ್ರ. ಅದೊಂದನ್ನ ಅಳಿಸಬ್ಯಾಡ."