ಒಂದೇ ತಾಳದ ಬೋರ್ಡು

ಎಲ್ಲರ ಉಸಿರೂ ಎದೆಯಲ್ಲಿನ ಪುಟ್ಟ ಸರ್ಕ್ಯೂಟ್ ಬೋರ್ಡಿನಿಂದಲೇ ನಡೆಯುತ್ತಿದ್ದ ಕಾಲವದು. ಅದು ಸುಟ್ಟುಹೋದರೆ ಹೊಸದು ಹಾಕಿಸುವವರೆಗೆ ಮನೆಯವರೇ ಕೈಪಂಪು ಒತ್ತಬೇಕು. ಇಂದುಮತಿ, ಬೋರ್ಡು ಸುಟ್ಟಿದ್ದ ತನ್ನ ತಮ್ಮ ವಿಠೋಬನನ್ನು ಮೌಲಾಸಾಬರ ರಿಪೇರಿ ಅಂಗಡಿಯ ಬೆಂಚಿನ ಮೇಲೆ ಮಲಗಿಸಿ, ಸೋತ ಕೈಯಿಂದ ಪಂಪು ಒತ್ತುತ್ತಲೇ ಇದ್ದಳು.

ಮೌಲಾಸಾಬರು ಎರಡು ಬೋರ್ಡುಗಳನ್ನು ಮುಂದೆ ಹಿಡಿದರು.

“ಈ ದೊಡ್ಡದು ಜಾಣ ಐತಿ ತಂಗಿ. ಓಡಿದ್ರ, ನಕ್ಕರ, ಮಾತಾಡಿದ್ರ ತಕ್ಕಂಗ ಉಸಿರು ಕೊಡ್ತೈತಿ. ಆದ್ರ ಭಾಳ ಹೊಟ್ಟಿಬಾಕ, ಕರೆಂಟು ತಿಂತೈತಿ. ಇವನ ಹಳೇ ಬ್ಯಾಟರಿ ಸಂಜೀತನಾನೂ ಬರೂದಿಲ್ಲ.”

“ಹೊಸಾ ಬ್ಯಾಟರಿ ಹಾಕ್ರಿ ಚಾಚಾ.”

“ಅದು ಪಕ್ಕೆಲುಬಿನ ಒಳಗೈತವ್ವಾ. ಆಸ್ಪತ್ರ್ಯಾಗ ಬದಲಿಸಬೇಕು, ಪಾಳಿ ಮುಂದಿನ ವರ್ಷಕ್ಕ. ಈ ಸಣ್ಣದು ಅಲ್ಲೀತನಾ ನಡಸ್ತೈತಿ. ಆದ್ರ ಇದಕ್ಕ ಒಂದ ತಾಳ ಗೊತ್ತು.”

ವಿಠೋಬ ಮೆಣಸಿನಕಾಯಿ ಪೇಟೆಯಲ್ಲಿ ಹರಾಜಿನ ಸವಾಲು ಕೂಗುವವನು. ಒಂದೇ ಉಸಿರಿಗೆ ಹತ್ತು ದರ ಕೂಗಿ ವ್ಯಾಪಾರಿಗಳನ್ನು ನಗಿಸುತ್ತಿದ್ದವನು. ಅವನು ದೊಡ್ಡ ಬೋರ್ಡಿನತ್ತ ಕಣ್ಣು ಹೊರಳಿಸಿದ್ದನ್ನು ಅವಳು ನೋಡಿದಳು. ಅವಳ ಬೆರಳುಗಳು ಮರಗಟ್ಟಿದ್ದವು.

“ಸಣ್ಣದನ್ನ ಹಾಕ್ರಿ,” ಎಂದಳು.

ಮೌಲಾಸಾಬರು ವೈರು ಬೆಸೆದರು. ಎದೆ ತಾನಾಗಿ ಏರಿತು, ಇಳಿಯಿತು, ಮತ್ತೆ ಅಷ್ಟೇ ಏರಿತು. ಇಂದುಮತಿ ಪಂಪು ಕೆಳಗಿಟ್ಟು ಅತ್ತುಬಿಟ್ಟಳು. ವಿಠೋಬ ಬಾಯಿ ತೆರೆದ. ಮಾತು ಹೊರಡುವ ಮೊದಲೇ ಉಸಿರು ಒಳಕ್ಕೆ ಹೋಯಿತು. ಅದು ಹೊರಬರುವವರೆಗೆ ಕಾದು, ಅದರಲ್ಲಿ ಹಿಡಿಸುವಷ್ಟನ್ನೇ ಹೇಳಿದ.

“ಬಿಚ್ಚು.”

ಇಂದುಮತಿ ಕೇಳಿಸದವಳಂತೆ ಅವನ ಎದೆಯ ಮೇಲಿನ ಬೋರ್ಡಿನ ಮುಚ್ಚಳದ ಸ್ಕ್ರೂ ಬಿಗಿಮಾಡಿದಳು.